ಹಳೆಯ ದೋಣಿ ಕೊಂಡ ಮೇಲೆ ತಳದ ದೋಷ ಕಂಡುಬಂದರೆ

ಬೀದರ್ ಜಿಲ್ಲೆ ಎಂದೊಡನೆ ತೊಗರಿ, ಉದ್ದು, ಸೋಯಾ ಅವರೆ, ಕಬ್ಬು ಮತ್ತು ದೇವಣಿ ದನಗಳ ನೆನಪು ಬರುತ್ತದೆಯೇ ಹೊರತು ದೋಣಿಯ ನೆನಪು ಬರುವುದಿಲ್ಲ. ಆದರೆ ಮಾಂಜ್ರಾ ನದಿಯ ಉಪನದಿಯಾದ ಕಾರಂಜಾಕ್ಕೆ ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಕಟ್ಟಿರುವ ಜಲಾಶಯ 7.69 ಟಿ.ಎಂ.ಸಿ. ನೀರು ಹಿಡಿಯುವಷ್ಟು ದೊಡ್ಡದು. ಅದರ ಜೊತೆಗೆ ಕಮಠಾಣ, ಭಾಲ್ಕಿ ಮತ್ತು ಔರಾದ್ ಸುತ್ತಿನಲ್ಲಿ ಅನೇಕ ಸಣ್ಣಪುಟ್ಟ ಕೆರೆಗಳಿವೆ. ಈ ನೀರಿನಲ್ಲಿ ಕಾಟ್ಲಾ, ರೋಹು, ಮೃಗಾಲ್ ಮೀನುಮರಿಗಳನ್ನು ಬಿಟ್ಟು ಬೆಳೆಸುವ ಸಹಕಾರ ಸಂಘದವರಿಗೂ, ಮೀನು ಪಾಶುವಾರು ಹಕ್ಕು ಪಡೆದ ರೈತರಿಗೂ ದೋಣಿ ಎಂಬುದು ಎತ್ತಿನ ಗಾಡಿಯಷ್ಟೇ ಅವಶ್ಯವಾದ ಸಾಧನ. ಬಲೆ ಹಾಕುವುದು, ಬಲೆ ಎತ್ತುವುದು, ಮರಿ ಬಿಡುವುದು, ನೀರಿನ ಕಳೆ ತೆಗೆಯುವುದು, ಎಲ್ಲಕ್ಕೂ ಅದು ಬೇಕು.

ಹೊಸ ಫೈಬರ್ ದೋಣಿಯ ಬೆಲೆ ಸಣ್ಣ ಹಿಡುವಳಿದಾರರಿಗೆ ಭಾರವಾಗುವುದರಿಂದ ಹಲವರು ಬಳಸಿದ ದೋಣಿಯನ್ನು ಕೊಳ್ಳುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಚೆನ್ನಾಗಿ ಕಟ್ಟಿ, ಚೆನ್ನಾಗಿ ಇಟ್ಟುಕೊಂಡ ಫೈಬರ್ ದೋಣಿ ಹಲವು ವರ್ಷ ಬಾಳುತ್ತದೆ. ತೊಂದರೆ ಇರುವುದು ಕೊಳ್ಳುವ ರೀತಿಯಲ್ಲಿ. ದೇವಣಿ ಎತ್ತು ಕೊಳ್ಳಲು ಹೋದ ರೈತ ಹಲ್ಲು ನೋಡುತ್ತಾನೆ, ಗೊರಸು ಎತ್ತಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ, ಸಾಧ್ಯವಾದರೆ ನೊಗಕ್ಕೆ ಹೂಡಿಯೂ ನೋಡುತ್ತಾನೆ. ಮಡಕೆ ಕೊಳ್ಳುವ ಹೆಣ್ಣುಮಗಳೂ ಬೆರಳಿನಿಂದ ತಟ್ಟಿ ಸದ್ದು ಕೇಳಿಯೇ ದುಡ್ಡು ಕೊಡುತ್ತಾಳೆ. ಅದೇ ಮನೆಯವರು ದೋಣಿ ಕೊಳ್ಳುವಾಗ ಮಾತ್ರ ಹೊಸ ಬಣ್ಣ ನೋಡಿ ಬಯಾನ ಕೊಟ್ಟು ಬರುತ್ತಾರೆ. ದೋಣಿ ಬೇಸಿಗೆಯಲ್ಲಿ ದಡದ ಮೇಲೆ ಒಣಗಿರುತ್ತದೆ, ಆಗ ಸೋರುವ ಪ್ರಶ್ನೆಯೇ ಏಳುವುದಿಲ್ಲ. ಮಳೆ ಬಂದು ಕೆರೆ ತುಂಬಿ, ದೋಣಿ ನೀರಿಗಿಳಿದ ಮೂರನೆಯ ಅಥವಾ ನಾಲ್ಕನೆಯ ದಿನ ತಳದಲ್ಲಿ ನೀರು ಕಾಣಿಸಿಕೊಳ್ಳುತ್ತದೆ. ಮೊದಲು ಅದನ್ನು ಬಲೆಯಿಂದ ಸುರಿದ ನೀರು ಎಂದುಕೊಳ್ಳುತ್ತಾರೆ. ಬಲೆ ಹಾಕದ ದಿನವೂ ನೀರು ಕಂಡಾಗ ಸಂಶಯ ಹುಟ್ಟುತ್ತದೆ.

ಇಂಥ ಸಂದರ್ಭದಲ್ಲಿ ಏನು ಮಾಡಬೇಕು, ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಮಾಡಲೇಬಾರದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಡಾಂಬರು ಬಳಿಯುವ ಮೊದಲು

ಸೋರಿಕೆ ಕಂಡ ಕೂಡಲೇ ಸಾಮಾನ್ಯವಾಗಿ ನಡೆಯುವ ಕೆಲಸವೆಂದರೆ ಡಾಂಬರು ಕಾಯಿಸಿ ಬಳಿಯುವುದು ಅಥವಾ ನಲ್ಲಿಯ ಸೋರಿಕೆಗೆ ಬಳಸುವ ಎಂ-ಸೀಲ್ ತುಂಬುವುದು. ಇದು ಎರಡು ರೀತಿಯಲ್ಲಿ ಕೆಡುಕು. ಮೊದಲನೆಯದಾಗಿ, ಫೈಬರಿನ ನಾರಿಗೆ ಡಾಂಬರು ಒಮ್ಮೆ ಹತ್ತಿದರೆ ಆ ಜಾಗದಲ್ಲಿ ಮುಂದೆ ಸರಿಯಾದ ರೆಸಿನ್ ತೇಪೆ ಹಿಡಿಯುವುದಿಲ್ಲ. ಅಷ್ಟು ಭಾಗವನ್ನೂ ಉಜ್ಜಿ ತೆಗೆಯಬೇಕಾಗುತ್ತದೆ, ಒಂದು ಗೇಣಿನ ದುರಸ್ತಿ ಮೂರು ಗೇಣಾಗುತ್ತದೆ. ಎರಡನೆಯದಾಗಿ, ದೋಷ ಹಳೆಯದು, ಮಾರಿದವರ ಕೈಯಲ್ಲಿದ್ದಾಗಲೇ ಇತ್ತು ಎಂದು ತೋರಿಸುವ ಗುರುತುಗಳು ಡಾಂಬರಿನ ಅಡಿಯಲ್ಲಿ ಮುಚ್ಚಿಹೋಗುತ್ತವೆ. ಕೊಂಡವನೇ ಕೈ ಹಾಕಿ ಕೆಡಿಸಿದ ಎಂದು ಮಾರಿದವನು ಹೇಳಲು ದಾರಿಯಾಗುತ್ತದೆ.

ಆದ್ದರಿಂದ ಮೊದಲ ಕೆಲಸ ದೋಣಿಯನ್ನು ದಡಕ್ಕೆ ತರುವುದು. ಎಳೆದು ತರಬಾರದು. ಬೀದರ್ ಮತ್ತು ಕಮಠಾಣ ಸುತ್ತಿನ ಕೆಂಪು ಮುರುಂ ಕಲ್ಲು ಅರದಂತೆ ಕೆಲಸ ಮಾಡುತ್ತದೆ, ದೋಣಿ ತಳದ ಮೇಲ್ಪದರವನ್ನು ಸವೆಸುವ ಶತ್ರು ನೀರಿಗಿಂತ ಹೆಚ್ಚಾಗಿ ಈ ಕಲ್ಲೇ. ನಾಲ್ಕು ಜನ ಎತ್ತಬೇಕು, ಇಲ್ಲವೇ ಹಳೆಯ ಟಯರು ಅಥವಾ ದುಂಡು ಬೊಂಬುಗಳ ಮೇಲೆ ಉರುಳಿಸಬೇಕು. ದಡಕ್ಕೆ ತಂದ ಮೇಲೆ ಒಳಗಿನ ನೀರನ್ನು ಕೂಡಲೇ ಚೆಲ್ಲಬಾರದು. ದೋಣಿಯನ್ನು ಎರಡು ಮೂರು ಮರಳು ಚೀಲಗಳ ಮೇಲೆ ಸಮವಾಗಿ ಕೂರಿಸಿ ಹೊರತಳವನ್ನು ಬಟ್ಟೆಯಿಂದ ಒರೆಸಬೇಕು. ಒಳಗಿನ ನೀರು ಈಗ ಹೊರಕ್ಕೆ ಜಿನುಗುತ್ತದೆ. ಹನಿ ಮೂಡುವ ಪ್ರತಿಯೊಂದು ಜಾಗಕ್ಕೂ ಸೀಮೆಸುಣ್ಣ ಅಥವಾ ಇದ್ದಲಿನಿಂದ ಗುರುತು ಹಾಕಬೇಕು. ಇದಕ್ಕಿಂತ ಸುಲಭವಾದ, ಖರ್ಚಿಲ್ಲದ ಪರೀಕ್ಷೆ ಬೇರೊಂದಿಲ್ಲ.

ಒಳಗೆ ನೀರಿಲ್ಲದಿದ್ದರೆ ಹೊರಗಿನಿಂದ ತುಂಬಬಹುದು, ಆದರೆ ಮಿತಿ ಮೀರಬಾರದು. 4 ಮೀಟರ್ ಉದ್ದ, 1.2 ಮೀಟರ್ ಅಗಲದ ಚಪ್ಪಟೆ ತಳದ ದೋಣಿಗೆ 10 ಸೆಂ.ಮೀ. ನೀರು ನಿಲ್ಲಿಸಿದರೆ ಅದರ ತೂಕವೇ 480 ಕಿ.ಗ್ರಾಂ. ಆಗುತ್ತದೆ. ನೀರಿನಲ್ಲಿರುವ ದೋಣಿಗೆ ತಳದುದ್ದಕ್ಕೂ ಆಸರೆ ಇರುತ್ತದೆ, ಚೀಲಗಳ ಮೇಲಿರುವ ದೋಣಿಗೆ ಇರುವುದಿಲ್ಲ. ಪರೀಕ್ಷೆ ಮಾಡಲು ಹೋಗಿ ತಳ ಬಿರಿದ ಹಾಗಾಗಬಾರದು. 4–5 ಸೆಂ.ಮೀ. ನೀರು ಸಾಕು, ಒಂದು ಗಂಟೆ ಕಾಯಬೇಕು.

ಗುರುತು ಹಾಕಿದ ಮೇಲೆ ಪ್ರತಿಯೊಂದು ಜಾಗದ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಬೇಕು. ಪಕ್ಕದಲ್ಲಿ ಒಂದು ಅಳತೆ ಪಟ್ಟಿ ಇಟ್ಟರೆ ಒಳ್ಳೆಯದು. ಸಂಘದ ಇಬ್ಬರು ಸದಸ್ಯರಾದರೂ ಎದುರಿಗಿರಬೇಕು.

ಸಣ್ಣ ತೂತು, ದೊಡ್ಡ ನೀರು

"ಸ್ವಲ್ಪ ಸೋರಿದರೇನು, ಡಬ್ಬಿಯಿಂದ ಮೊಗೆದು ಹಾಕಿದರಾಯಿತು" ಎಂಬ ಮಾತು ಕೆರೆ ದಡದಲ್ಲಿ ಕೇಳಿಬರುವುದುಂಟು. ಲೆಕ್ಕ ಹಾಕಿ ನೋಡಿದರೆ ಈ ಧೈರ್ಯ ನಿಲ್ಲುವುದಿಲ್ಲ. ನೀರಿನ ಮಟ್ಟದಿಂದ 20 ಸೆಂ.ಮೀ. ಕೆಳಗೆ, ಕಿರುಬೆರಳು ದಪ್ಪದ, ಅಂದರೆ ಸುಮಾರು 1 ಸೆಂ.ಮೀ. ಅಡ್ಡಳತೆಯ ಒಂದು ತೂತು ಇದ್ದರೆ ಅದರಿಂದ ನಿಮಿಷಕ್ಕೆ ಐದೂವರೆ ಲೀಟರಿನಷ್ಟು ನೀರು ಒಳಬರುತ್ತದೆ. ಒಂದು ಗಂಟೆಗೆ 330 ಲೀಟರ್, ಅಂದರೆ ಐದು ಜನ ದೊಡ್ಡವರು ಹೆಚ್ಚಿಗೆ ಹತ್ತಿ ಕುಳಿತ ಭಾರ. ಬಿರುಕು ನೋಡಲು ಇನ್ನೂ ನಿರಪಾಯವಾಗಿ ಕಾಣುತ್ತದೆ. 1 ಮಿ.ಮೀ. ಬಾಯಿಬಿಟ್ಟ, 10 ಸೆಂ.ಮೀ. ಉದ್ದದ ಬಿರುಕು ಆ ತೂತಿಗಿಂತ ಹೆಚ್ಚು ನೀರನ್ನು, ನಿಮಿಷಕ್ಕೆ ಸುಮಾರು 7 ಲೀಟರ್, ಬಿಡುತ್ತದೆ. ತೂತಿನ ಅಡ್ಡಳತೆ ಎರಡರಷ್ಟಾದರೆ ನೀರು ನಾಲ್ಕರಷ್ಟಾಗುತ್ತದೆ ಎಂಬುದನ್ನೂ ಗಮನದಲ್ಲಿಡಬೇಕು.

ನೀರು ಹೆಚ್ಚಿದಂತೆ ದೋಣಿ ಆಳಕ್ಕೆ ಇಳಿಯುತ್ತದೆ, ಆಳಕ್ಕಿಳಿದಂತೆ ಅದೇ ತೂತಿನಿಂದ ನೀರು ಇನ್ನೂ ರಭಸದಿಂದ ಬರುತ್ತದೆ. ಇದಕ್ಕಿಂತ ಅಪಾಯಕರವಾದದ್ದು ಒಳಗಿನ ನೀರಿನ ಓಡಾಟ. ಬಲೆ ಎತ್ತಲು ಇಬ್ಬರು ಒಂದೇ ಪಕ್ಕಕ್ಕೆ ಬಾಗಿದಾಗ ತಳದ ನೀರೆಲ್ಲ ಆ ಪಕ್ಕಕ್ಕೆ ಹರಿಯುತ್ತದೆ, ದೋಣಿ ಮಗುಚುತ್ತದೆ. ಅಂದರೆ ದೋಣಿ ಮುಳುಗುವಷ್ಟು ನೀರು ತುಂಬಬೇಕಾಗಿಲ್ಲ, ಕಣಕಾಲು ಮುಳುಗುವಷ್ಟಿದ್ದರೂ ಸಾಕು. ಕಾರಂಜಾದಂಥ ಜಲಾಶಯದ ನಡುವೆ, ಗಾಳಿ ಎದ್ದ ಮಧ್ಯಾಹ್ನದಲ್ಲಿ, ಡಬ್ಬಿಯಿಂದ ಮೊಗೆಯುವುದು ಪರಿಹಾರವಲ್ಲ.

ಕರಾವಳಿಯಿಂದ ತಂದ ಹಳೆಯ ದೋಣಿಗಳಿಗೆ ಇನ್ನೊಂದು ಮಾತು ಅನ್ವಯಿಸುತ್ತದೆ. ಸಮುದ್ರದ ಉಪ್ಪು ನೀರು ಕೆರೆಯ ನೀರಿಗಿಂತ ಶೇಕಡ ಎರಡೂವರೆಯಷ್ಟು ಹೆಚ್ಚು ಸಾಂದ್ರವಾದ್ದರಿಂದ ಅದೇ ಭಾರಕ್ಕೆ ಅದೇ ದೋಣಿ ಇಲ್ಲಿ ಸ್ವಲ್ಪ ಆಳದಲ್ಲಿ ತೇಲುತ್ತದೆ. ಅಲ್ಲಿ ನೀರಿಗಿಂತ ಮೇಲಿದ್ದ ಹಳೆಯ ಬಿರುಕು ಇಲ್ಲಿ ನೀರಿನ ಮಟ್ಟಕ್ಕೆ ಬಂದಿರಬಹುದು.

ಫೈಬರ್ ತಳದ ಒಳಗುಟ್ಟು

ಫೈಬರ್ ದೋಣಿಯ ಒಡಲು ಗಾಜಿನ ನಾರಿನ ಚಾಪೆ ಮತ್ತು ಪಾಲಿಯೆಸ್ಟರ್ ರೆಸಿನ್ ಎಂಬ ಅಂಟುದ್ರವದ ಪದರಗಳಿಂದಾದದ್ದು. ಹೊರಗಡೆ ಬಣ್ಣ ಬೆರೆಸಿದ ನುಣುಪಾದ ಒಂದು ತೆಳು ಪದರವಿರುತ್ತದೆ, ಇದಕ್ಕೆ ಜೆಲ್‌ಕೋಟ್ ಎನ್ನುತ್ತಾರೆ. ಬಲ ಕೊಡುವುದು ಒಳಗಿನ ನಾರು, ನೀರನ್ನು ತಡೆಯುವುದು ಹೊರಗಿನ ಜೆಲ್‌ಕೋಟ್. ನೂಲು ಮತ್ತು ಗಂಜಿ ಸೇರಿದ ಬಟ್ಟೆಗೆ ಇದನ್ನು ಹೋಲಿಸಬಹುದು. ಜೆಲ್‌ಕೋಟ್ ಸವೆದು ನಾರು ಹೊರಗೆ ಕಂಡರೆ ಆ ನಾರಿನ ಜಾಡಿನಲ್ಲೇ ನೀರು ಬತ್ತಿಯಲ್ಲಿ ಎಣ್ಣೆ ಏರಿದಂತೆ ಒಳಗೆ ಹೋಗುತ್ತದೆ.

ಮೇಲಿನ ಗೀರುಗಳೆಲ್ಲ ದೋಷಗಳಲ್ಲ. ಜೇಡರ ಬಲೆಯಂತೆ ಹರಡಿದ ಕೂದಲೆಳೆಯ ಗೆರೆಗಳು ಜೆಲ್‌ಕೋಟಿಗೆ ಮಾತ್ರ ಸೀಮಿತವಾಗಿರಬಹುದು, ಇವು ಸಾವಕಾಶವಾಗಿ ಸರಿಪಡಿಸುವಂಥವು. ಆದರೆ ಒಂದೇ ಕೇಂದ್ರದಿಂದ ಸುತ್ತಲೂ ಹೊರಟ ಗೆರೆಗಳು ಕಂಡರೆ ಅಲ್ಲಿ ಕಲ್ಲಿಗೋ ಮುಳುಗಿದ ಮರದ ಬೊಡ್ಡೆಗೋ ಪೆಟ್ಟು ಬಿದ್ದಿದೆ ಎಂದು ತಿಳಿಯಬೇಕು. ಜಲಾಶಯಗಳಲ್ಲಿ ನೀರು ಇಳಿದ ಕಾಲದಲ್ಲಿ ಇಂಥ ಪೆಟ್ಟು ಹೆಚ್ಚು. ಕೂಡಲೇ ಒಳಗಡೆ ಅದೇ ಜಾಗವನ್ನು ನೋಡಬೇಕು. ಒಳಗೆ ಬಿಳಿಚಿಕೊಂಡ ಮಚ್ಚೆ ಕಂಡರೆ ನಾರು ಮುರಿದಿದೆ ಎಂದೇ ಅರ್ಥ.

ಪೆಟ್ಟು ಬಿದ್ದ ಜಾಗದಲ್ಲಿ, ಅಥವಾ ಕಟ್ಟುವಾಗಲೇ ರೆಸಿನ್ ಸರಿಯಾಗಿ ನೆನೆಯದ ಜಾಗದಲ್ಲಿ, ಪದರಗಳು ಒಂದನ್ನೊಂದು ಬಿಟ್ಟುಕೊಳ್ಳುತ್ತವೆ. ಇದು ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುತ್ತದೆ. ಸಣ್ಣ ಕೊಡತಿಯಿಂದ ಅಥವಾ ಒಂದು ರೂಪಾಯಿ ನಾಣ್ಯದ ಅಂಚಿನಿಂದ ತಳವನ್ನು ಅಂಗೈ ಅಂತರದಲ್ಲಿ ಸಾಲಾಗಿ ತಟ್ಟುತ್ತ ಹೋಗಬೇಕು. ಗಟ್ಟಿ ಜಾಗದಲ್ಲಿ ಸದ್ದು ಖಣ್ ಎನ್ನುತ್ತದೆ, ಪದರ ಬಿಟ್ಟ ಜಾಗದಲ್ಲಿ ಒಡೆದ ಮಡಕೆಯಂತೆ ಬದ್ದಾಗಿ ಕೇಳುತ್ತದೆ. ಸದ್ದು ಬದಲಾಗುವ ಗಡಿಯನ್ನು ಸೀಮೆಸುಣ್ಣದಿಂದ ಸುತ್ತುಹಾಕಿದರೆ ದೋಷದ ನಿಜವಾದ ವಿಸ್ತಾರ ತಿಳಿಯುತ್ತದೆ. ಹೊರಗೆ ಕಾಣುವ ಬಿರುಕು ನಾಲ್ಕು ಬೆರಳಿದ್ದರೆ ಒಳಗೆ ಬಿಟ್ಟ ಪದರ ಒಂದು ಮೊಳವಿರುವುದು ಅಪರೂಪವಲ್ಲ. ದುರಸ್ತಿಯ ಖರ್ಚನ್ನು ಬಿರುಕು ನೋಡಿ ಲೆಕ್ಕ ಹಾಕಬಾರದು, ಈ ಸುತ್ತು ನೋಡಿ ಹಾಕಬೇಕು.

ಬಹುಕಾಲ ನೀರಿನಲ್ಲೇ ಇದ್ದ ದೋಣಿಗಳ ತಳದಲ್ಲಿ ಬೊಬ್ಬೆಗಳು ಏಳುವುದುಂಟು. ದಬ್ಬಣದಿಂದ ಒಂದನ್ನು ಚುಚ್ಚಿದಾಗ ಹುಳಿ ವಾಸನೆಯ ದ್ರವ ಚಿಮ್ಮಿದರೆ ನೀರು ಜೆಲ್‌ಕೋಟನ್ನು ದಾಟಿ ರೆಸಿನ್ನಿನೊಳಗೆ ಸೇರಿದೆ ಎಂದು ತಿಳಿಯಬೇಕು. ಚುಚ್ಚುವಾಗ ಕಣ್ಣನ್ನು ಹತ್ತಿರ ಒಯ್ಯಬಾರದು. ಅಲ್ಲೊಂದು ಇಲ್ಲೊಂದು ಬೊಬ್ಬೆಯಿಂದ ದೋಣಿ ಮುಳುಗುವುದಿಲ್ಲ. ತಳವೆಲ್ಲ ಸಿಡುಬು ಬಂದಂತೆ ಇದ್ದರೆ ಮಾತ್ರ ಚಿಂತಿಸಬೇಕು.

ಇನ್ನು ಅತಿ ಹೆಚ್ಚು ಮೋಸ ಹೋಗುವ ಜಾಗ ಹಿಂಬದಿಯ ಹಲಗೆ. ಮೋಟಾರು ಕೂರಿಸುವ ದೋಣಿಗಳಲ್ಲಿ ಇಲ್ಲಿ ಫೈಬರಿನ ಎರಡು ಪದರಗಳ ನಡುವೆ ಪ್ಲೈವುಡ್ ಇಟ್ಟಿರುತ್ತಾರೆ. ಮೋಟಾರಿನ ಬೋಲ್ಟು ತೂತಿನಿಂದ ನೀರು ಇಳಿದು ಒಳಗಿನ ಮರ ಕೊಳೆಯುತ್ತದೆ, ಹೊರಗಿನ ಬಣ್ಣ ಮಾತ್ರ ಹೊಳೆಯುತ್ತಿರುತ್ತದೆ. ಹಲಗೆಯ ಮೇಲಂಚನ್ನು ಎರಡು ಕೈಯಿಂದ ಹಿಡಿದು ಬಲವಾಗಿ ಅಲುಗಿಸಿದಾಗ ಬಳುಕಿದರೆ, ಅಥವಾ ಬೋಲ್ಟು ಬಿಚ್ಚಿ ತೂತಿನೊಳಗೆ ದಬ್ಬಣ ಚುಚ್ಚಿದಾಗ ಕಪ್ಪಗಿನ ಒದ್ದೆ ಪುಡಿ ಬಂದರೆ, ಆ ದೋಣಿಗೆ ಮೋಟಾರು ಹಾಕಬಾರದು.

ತೂಕವೂ ಒಂದು ಸಾಕ್ಷಿ. ಫೈಬರ್ ನೀರಿಗಿಂತ ಭಾರವಾದ ವಸ್ತು, ತಾನಾಗಿ ತೇಲುವುದಿಲ್ಲ. ಮಗುಚಿದಾಗಲೂ ಮುಳುಗದಿರಲೆಂದು ಕೂರುವ ಹಲಗೆಗಳ ಕೆಳಗೆ ಫೋಮ್ ತುಂಬಿರುತ್ತಾರೆ. ಒಂದು ಲೀಟರ್ ಒಣ ಫೋಮ್ ಹೆಚ್ಚುಕಡಿಮೆ ಒಂದು ಕಿ.ಗ್ರಾಂ. ಭಾರವನ್ನು ನೀರಿನಲ್ಲಿ ಎತ್ತಿಹಿಡಿಯುತ್ತದೆ. ಈ ಫೋಮ್ ನೀರು ಕುಡಿದಿದ್ದರೆ ಎತ್ತುವ ಶಕ್ತಿಯೂ ಹೋಯಿತು, ಹೊರೆಯೂ ಏರಿತು. ಕಬ್ಬು ಬೆಳೆಯುವ ಈ ಭಾಗದ ರೈತರಿಗೆ ತೂಕದ ಕಟ್ಟೆ ಹೊಸದಲ್ಲ. ಟ್ರಾಲಿಯನ್ನು ಖಾಲಿಯಾಗಿ ಒಮ್ಮೆ, ದೋಣಿ ಇಟ್ಟು ಒಮ್ಮೆ ತೂಗಿಸಿದರೆ ದೋಣಿಯ ತೂಕ ಸಿಗುತ್ತದೆ. ನೆರಳಿನಲ್ಲಿ ಮೂರು ನಾಲ್ಕು ವಾರ ಒಣಗಿಸಿ ಮತ್ತೆ ತೂಗಬೇಕು. 20–30 ಕಿ.ಗ್ರಾಂ. ಇಳಿದಿದ್ದರೆ ಅದು ಒಡಲೊಳಗೆ ಅಡಗಿದ್ದ ನೀರು.

ಮರ, ತಗಡು, ಹರಿಗೋಲು

ಮರದ ದೋಣಿ ಈ ಕಡೆ ಕಡಿಮೆ. ಸಿಕ್ಕರೆ ಹಲಗೆಗಳ ಕೂಡುಗೆರೆ ಮತ್ತು ಮೊಳೆಯ ಸುತ್ತ ದಬ್ಬಣದಿಂದ ಚುಚ್ಚಿ ನೋಡಬೇಕು, ಗಟ್ಟಿ ಮರ ತಡೆಯುತ್ತದೆ, ಕೊಳೆತ ಮರ ಬೆಣ್ಣೆಯಂತೆ ಬಿಡುತ್ತದೆ. ಬಿಸಿಲಲ್ಲಿ ಒಣಗಿದ ಮರದ ದೋಣಿ ನೀರಿಗಿಳಿಸಿದ ಮೊದಲ ಒಂದೆರಡು ದಿನ ಸೋರುವುದು ಸಹಜ, ಮರ ಉಬ್ಬಿದ ಮೇಲೆ ತಾನಾಗಿ ನಿಲ್ಲುತ್ತದೆ. ಆದರೆ ಇದೇ ಮಾತನ್ನು ಫೈಬರ್ ದೋಣಿಗೂ ಹೇಳಿ ಸಮಾಧಾನ ಮಾಡುವ ಮಾರಾಟಗಾರರಿದ್ದಾರೆ. ಫೈಬರ್ ಉಬ್ಬಿ ಬಿರುಕು ಮುಚ್ಚಿಕೊಳ್ಳುವುದಿಲ್ಲ.

ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ತಗಡಿನ ದೋಣಿಗೆ ಹಳೆಯ ಉಪಾಯವೊಂದಿದೆ. ಬೆಸುಗೆಯ ಹೊರಗಡೆ ಸುಣ್ಣದ ನೀರು ಹಚ್ಚಿ ಒಣಗಿಸಿ ಒಳಗಡೆ ಸೀಮೆಎಣ್ಣೆ ಅಥವಾ ಡೀಸೆಲ್ ಸವರಬೇಕು. ಬಿರುಕಿದ್ದಲ್ಲಿ ಅರ್ಧ ಗಂಟೆಯೊಳಗೆ ಬಿಳಿ ಸುಣ್ಣದ ಮೇಲೆ ಎಣ್ಣೆಯ ಕಲೆ ಮೂಡುತ್ತದೆ. ಬೆಂಕಿ ಹತ್ತಿರ ಇರಬಾರದು.

ಬಿದಿರಿನ ಹರಿಗೋಲಿಗೆ ಹಿಂದೆ ತೊಗಲು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿದೆ. ಇಲ್ಲಿ ಡಾಂಬರಿನ ತೇಪೆ ಸರಿಯಾದ ಪದ್ಧತಿಯೇ. ಹೊದಿಕೆ ಸಾವಿರ ಸಲ ಬದಲಾದರೂ ಚಿಂತೆಯಿಲ್ಲ, ಬಿದಿರಿನ ಹೆಣಿಗೆಗೆ ಹುಳು ಹತ್ತಿದೆಯೇ ಎಂಬುದನ್ನು ಮಾತ್ರ ನೋಡಬೇಕು. ಬಿದಿರಿನ ಸೀಳು ಬಾಗಿಸಿದಾಗ ಹಳದಿ ಹಿಟ್ಟು ಉದುರಿದರೆ ಅದು ಹುಳುವಿನ ಕೆಲಸ. ಫೈಬರ್ ಹರಿಗೋಲಿಗೆ ಫೈಬರ್ ದೋಣಿಯ ವಿಷಯದಲ್ಲಿ ಹೇಳಿದ್ದೆಲ್ಲ ಅನ್ವಯಿಸುತ್ತದೆ.

ಮಾರಿದವರಿಗೆ ತಿಳಿಸುವುದು

ದೋಷ ಗುರುತಾದ ಮೇಲೆ, ದುರಸ್ತಿಗೆ ಕೈ ಹಾಕುವ ಮೊದಲು, ಮಾರಿದವರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಇದು ಕೇವಲ ಸೌಜನ್ಯವಲ್ಲ. 1930ರ ಸರಕು ಮಾರಾಟ ಕಾಯಿದೆಯ 42ನೆಯ ಕಲಮಿನ ಪ್ರಕಾರ, ಕೊಂಡವನು ಸರಕನ್ನು ನಿರಾಕರಿಸುತ್ತೇನೆಂದು ತಿಳಿಸದೆ ಯುಕ್ತ ಕಾಲ ಮೀರಿ ಇಟ್ಟುಕೊಂಡರೆ, ಅಥವಾ ಮಾರಿದವನ ಒಡೆತನಕ್ಕೆ ಹೊಂದದ ರೀತಿಯಲ್ಲಿ ಅದರ ಮೇಲೆ ಏನಾದರೂ ಮಾಡಿದರೆ, ಅದನ್ನು ಒಪ್ಪಿಕೊಂಡಂತೆ ಎಣಿಸಲಾಗುತ್ತದೆ. ಸೋರುವ ದೋಣಿಯಲ್ಲೇ ಒಂದು ಹಂಗಾಮು ಮೀನು ಹಿಡಿದು, ತಳ ಕತ್ತರಿಸಿ ತೇಪೆ ಹಾಕಿ, ಆಮೇಲೆ ಹಿಂದಕ್ಕೆ ತೆಗೆದುಕೊಳ್ಳಿ ಎಂದರೆ ನಡೆಯುವುದು ಕಷ್ಟ.

ಹಳೆಯ ವಸ್ತುವಿನ ಮಾರಾಟದಲ್ಲಿ ನೋಡಿ ಕೊಳ್ಳುವ ಹೊಣೆ ಹೆಚ್ಚಾಗಿ ಕೊಳ್ಳುವವನದೇ ಎಂಬುದು ಇದೇ ಕಾಯಿದೆಯ 16ನೆಯ ಕಲಮಿನ ಸಾರ. ವ್ಯಾಪಾರಿಯಿಂದ ಕೊಂಡಾಗ ಸರಕು ಮಾರಾಟಯೋಗ್ಯವಾಗಿರಬೇಕೆಂಬ ಷರತ್ತು ಉಂಟು. ಆದರೆ ಕೊಳ್ಳುವವನು ಪರೀಕ್ಷಿಸಿ ನೋಡಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಕ್ಕೆ ಆ ಷರತ್ತು ರಕ್ಷಣೆ ಕೊಡುವುದಿಲ್ಲ. ಹೊರಗೆ ಬಾಯಿಬಿಟ್ಟ ಬಿರುಕಿನ ಬಗ್ಗೆ ದೂರಿದರೆ ಫಲ ಕಡಿಮೆ, ಬಣ್ಣದ ಅಡಿ ಅಡಗಿದ್ದ ದೋಷದ ಮಾತು ಬೇರೆ.

1872ರ ಕರಾರು ಕಾಯಿದೆಯ 17ನೆಯ ಕಲಮು ಇಲ್ಲೊಂದು ಮುಖ್ಯ ಭೇದ ಮಾಡುತ್ತದೆ. ಮಾರುವವನು ದೋಷದ ಬಗ್ಗೆ ಸುಮ್ಮನಿದ್ದ ಮಾತ್ರಕ್ಕೆ ಸಾಮಾನ್ಯವಾಗಿ ಅದು ವಂಚನೆಯಾಗುವುದಿಲ್ಲ. ಗೊತ್ತಿದ್ದೂ ದೋಷವನ್ನು ಮರೆಮಾಚಲು ಕೆಲಸ ಮಾಡಿದ್ದರೆ, ಉದಾಹರಣೆಗೆ ಬಿರುಕಿಗೆ ಪುಟ್ಟಿ ತುಂಬಿ ಮೇಲೆ ಬಣ್ಣ ಹೊಡೆದಿದ್ದರೆ, ಅದು ವಂಚನೆ. ಅಂಥ ಕರಾರನ್ನು ಕೊಂಡವನು ರದ್ದುಪಡಿಸಬಹುದು. ಆದ್ದರಿಂದ ತಳದ ಬಣ್ಣವನ್ನು ಕೆರೆದು ತೆಗೆಯುವಾಗ ಅಡಿಯಲ್ಲಿ ಪುಟ್ಟಿ ಕಂಡರೆ ಅಲ್ಲಿಯೇ ನಿಲ್ಲಿಸಿ, ಬಣ್ಣ, ಪುಟ್ಟಿ, ಬಿರುಕು ಮೂರೂ ಒಟ್ಟಿಗೆ ಕಾಣುವಂತೆ ಫೋಟೋ ತೆಗೆಯಬೇಕು. ಕೆರೆದ ಪುಟ್ಟಿಯ ಚೂರನ್ನು ಕಾಗದದಲ್ಲಿ ಕಟ್ಟಿಡಬೇಕು.

ಮಾರಿದವರು ದೋಣಿ ವ್ಯಾಪಾರ ಮಾಡುವವರಾಗಿದ್ದು, ಕೊಂಡ ರೈತ ತನ್ನ ಜೀವನೋಪಾಯಕ್ಕಾಗಿ ಸ್ವಂತ ದುಡಿಮೆಗೆ ಕೊಂಡಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಜಿಲ್ಲಾ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಇನ್ನೊಬ್ಬ ಮೀನುಗಾರನಿಂದ ಕೈಗೆ ಕೈ ಕೊಂಡ ದೋಣಿಗೆ ಈ ದಾರಿ ಸಾಮಾನ್ಯವಾಗಿ ತೆರೆಯುವುದಿಲ್ಲ. ಅಂಥ ಕಡೆ ಸಂಘದ ಹಿರಿಯರ ಎದುರಿಗೆ ಬೆಲೆಯಲ್ಲಿ ಒಂದಷ್ಟು ವಾಪಸು ಪಡೆಯುವುದೇ ಹೆಚ್ಚು ವ್ಯಾವಹಾರಿಕ. ಕೋರ್ಟು ಕಚೇರಿ ತಿರುಗಿ ಹಂಗಾಮು ಕಳೆದುಕೊಂಡರೆ ಗೆದ್ದರೂ ನಷ್ಟವೇ. ಬಾಂಡ್ ಕಾಗದದಲ್ಲಿ "ತಳದಲ್ಲಿ ಸೋರಿಕೆ ಇಲ್ಲ, ಹಿಂದೆ ದೊಡ್ಡ ದುರಸ್ತಿ ಆಗಿಲ್ಲ" ಎಂಬ ಒಂದು ಸಾಲನ್ನು ಬರೆಸಿಕೊಂಡಿದ್ದವರಿಗೆ ಈ ಮಾತುಕತೆ ಬಹಳ ಸುಲಭವಾಗುತ್ತದೆ.

ದುರಸ್ತಿ ಮಾಡುವ ಕ್ರಮ

ಮಾರಿದವರೊಡನೆ ವಿಷಯ ಇತ್ಯರ್ಥವಾದ ಮೇಲೆ ದುರಸ್ತಿ. ಫೈಬರ್ ಕೆಲಸ ಗೊತ್ತಿರುವವರಿಂದಲೇ ಮಾಡಿಸುವುದು ಉತ್ತಮ. ಆದರೆ ಮಾಡಿಸುವ ರೈತನಿಗೂ ಕ್ರಮ ತಿಳಿದಿರಬೇಕು, ಏಕೆಂದರೆ ಅವಸರದ ಕೆಲಸ ಕಣ್ಣಿಗೆ ಒಳ್ಳೆಯ ಕೆಲಸದಂತೆಯೇ ಕಾಣುತ್ತದೆ.

ಮೊದಲು ದೋಣಿ ಪೂರ್ತಿ ಒಣಗಬೇಕು. ಒದ್ದೆ ನಾರಿನ ಮೇಲೆ ಹಾಕಿದ ತೇಪೆ ಮುಂದಿನ ಮಳೆಗಾಲದಲ್ಲಿ ಸಿಪ್ಪೆಯಂತೆ ಏಳುತ್ತದೆ. ಬದ್ದು ಸದ್ದು ಬಂದ ಭಾಗವನ್ನೆಲ್ಲ ಗ್ರೈಂಡರಿನಿಂದ ತೆಗೆದುಹಾಕಿ, ಅಂಚನ್ನು ಕಡಿದಾಗಿ ಬಿಡದೆ ಇಳಿಜಾರಾಗಿ ಉಜ್ಜಬೇಕು. ತಳದ ದಪ್ಪ 5 ಮಿ.ಮೀ. ಇದ್ದರೆ ಇಳಿಜಾರು ಸುತ್ತಲೂ 6 ಸೆಂ.ಮೀ., ಅಂದರೆ ದಪ್ಪದ 12 ಪಟ್ಟು ಇರಬೇಕು. ಹಳೆಯ ಫೈಬರಿಗೆ ಹೊಸ ರೆಸಿನ್ ಕರಗಿ ಬೆಸೆಯುವುದಿಲ್ಲ, ಒರಟಾದ ಮೈಗೆ ಹಿಡಿದುಕೊಳ್ಳುತ್ತದೆ ಅಷ್ಟೆ. ಆದ್ದರಿಂದ ಹಿಡಿತದ ವಿಸ್ತಾರವೇ ತೇಪೆಯ ಬಲ. ಉಜ್ಜಿದ ಧೂಳನ್ನು ಒರೆಸಿ, ಅಸಿಟೋನ್ ಹಚ್ಚಿದ ಬಟ್ಟೆಯಿಂದ ಶುಚಿಗೊಳಿಸಿ, ಆಮೇಲೆ ಕೈಯಿಂದ ಮುಟ್ಟಬಾರದು.

ಚದರ ಮೀಟರಿಗೆ 450 ಗ್ರಾಂ ತೂಗುವ ಗಾಜಿನ ಚಾಪೆಯ ಒಂದು ಪದರ ಗಟ್ಟಿಯಾದ ಮೇಲೆ ಸುಮಾರು 1 ಮಿ.ಮೀ. ದಪ್ಪ ಕೊಡುತ್ತದೆ. 5 ಮಿ.ಮೀ. ತಳಕ್ಕೆ ಐದು ಪದರ ಬೇಕು, ಒಂದೆರಡು ಸಾಲದು. ಚಾಪೆಯ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್ ಸಾಕು. ಹೆಚ್ಚು ರೆಸಿನ್ ಸುರಿದರೆ ಬಲ ಹೆಚ್ಚುವುದಿಲ್ಲ, ತೇಪೆ ಬಿರುಸಾಗಿ ಒಡೆಯುತ್ತದೆ. ಪ್ರತಿ ಪದರದ ಗಾಳಿ ಗುಳ್ಳೆಗಳನ್ನು ಬ್ರಷ್ಷಿನಿಂದ ಒತ್ತಿ ಹೊರಡಿಸಬೇಕು.

ಹಾರ್ಡನರನ್ನು ರೆಸಿನ್ನಿನ ತೂಕಕ್ಕೆ ಶೇಕಡ 1ರಿಂದ 2ರಷ್ಟು ಬೆರೆಸುತ್ತಾರೆ. ಬೀದರಿನ ಏಪ್ರಿಲ್–ಮೇ ಬಿಸಿಲಿನಲ್ಲಿ ಇದು ನೋಡನೋಡುತ್ತಲೇ ಗಟ್ಟಿಯಾಗುವುದರಿಂದ ಬೆಳಗಿನ ಹೊತ್ತು, ನೆರಳಿನಲ್ಲಿ, ಸ್ವಲ್ಪ ಸ್ವಲ್ಪವೇ ಕಲಸಿಕೊಳ್ಳಬೇಕು. ನಿಧಾನವಾಗಲೆಂದು ಶೇಕಡ 1ಕ್ಕಿಂತ ಕಡಿಮೆ ಮಾಡಿದರೆ ತೇಪೆ ಎಂದೂ ಪೂರ್ತಿ ಗಟ್ಟಿಯಾಗುವುದಿಲ್ಲ. ಮಳೆಯ ದಿನ ಈ ಕೆಲಸ ಬೇಡ. ಹಾರ್ಡನರಿನ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿ ಹೋಗುವ ಸಂಭವವಿದೆ, ಕನ್ನಡಕವಿಲ್ಲದೆ ಬಾಟಲಿ ಮುಚ್ಚಳ ತೆಗೆಯಬಾರದು. ಬಿದ್ದರೆ ಕೂಡಲೇ ಹದಿನೈದು ನಿಮಿಷ ಶುದ್ಧ ನೀರಿನಿಂದ ತೊಳೆದು ಆಸ್ಪತ್ರೆಗೆ ಹೋಗಬೇಕು. ಹಾರ್ಡನರ್ ಮತ್ತು ಕೋಬಾಲ್ಟ್ ಎಂಬ ನೇರಳೆ ಬಣ್ಣದ ದ್ರವ ಇವೆರಡನ್ನು ನೇರವಾಗಿ ಬೆರೆಸಿದರೆ ಸಿಡಿಯುತ್ತದೆ. ಕೋಬಾಲ್ಟನ್ನು ಮೊದಲೇ ರೆಸಿನ್ನಿಗೆ ಕಲಸಿ, ಚೆನ್ನಾಗಿ ಬೆರೆತ ಮೇಲೆಯೇ ಹಾರ್ಡನರ್ ಹಾಕಬೇಕು.

ತೇಪೆಯ ಮೇಲೆ ಜೆಲ್‌ಕೋಟ್ ಕೊಟ್ಟು ಒಂದು ವಾರ ಬಿಟ್ಟು, ದಡದ ಹತ್ತಿರ, ಮೊಳಕಾಲು ನೀರಿನಲ್ಲಿ, ಮನುಷ್ಯರ ಬದಲು ಮರಳು ಚೀಲ ತುಂಬಿ ಒಂದು ರಾತ್ರಿ ತೇಲಬಿಡಬೇಕು. ಬೆಳಿಗ್ಗೆ ತಳ ಒಣಗಿದ್ದರೆ ದೋಣಿ ಕೆಲಸಕ್ಕೆ ಯೋಗ್ಯ. ಆ ಮೇಲೂ ದೋಣಿಯಲ್ಲಿರುವಷ್ಟೂ ಜನಕ್ಕೆ ಲೈಫ್ ಜಾಕೆಟ್ ಇರಬೇಕು. ಈಜು ಬರುತ್ತದೆ ಎಂಬುದು ಬಲೆಯಲ್ಲಿ ಕಾಲು ಸಿಕ್ಕಿಕೊಂಡವನಿಗೆ ಉಪಯೋಗಕ್ಕೆ ಬರುವುದಿಲ್ಲ.

ಕೈಬಿಡಬೇಕಾದ ದೋಣಿ

ತಳದ ನಡುಬೆನ್ನಿನುದ್ದಕ್ಕೂ ಬಿರುಕು ಹೋಗಿದ್ದರೆ, ತಟ್ಟಿ ನೋಡಿದಾಗ ತಳದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಬದ್ದು ಸದ್ದು ಬಂದರೆ, ಅಥವಾ ಇಬ್ಬರು ನಿಂತಾಗ ತಳ ಚಾಪೆಯಂತೆ ಬಳುಕಿದರೆ ದುರಸ್ತಿಗೆ ಹಣ ಸುರಿಯುವುದು ಸರಿಯಲ್ಲ. ಅದನ್ನು ಇನ್ನೊಬ್ಬರಿಗೆ ಬಣ್ಣ ಹೊಡೆದು ಮಾರುವುದಂತೂ ಆ ಮನೆಯವರ ಜೀವದೊಡನೆ ಆಡಿದಂತೆ.

ಅಂಥ ಒಡಲು ದಡದ ಮೇಲೆ ಹಲವು ವರ್ಷ ಉಪಯೋಗಕ್ಕೆ ಬರುತ್ತದೆ. ಕೊಟ್ಟಿಗೆಯ ಬಳಿ, ಮರದ ನೆರಳಿನಲ್ಲಿ, ನೆಲವನ್ನು ಅದರ ಆಕಾರಕ್ಕೆ ತಕ್ಕಂತೆ ತೋಡಿ ಕೂರಿಸಿ, ಮಣ್ಣಿನ ಆಸರೆ ತಳಕ್ಕೆಲ್ಲ ಸಿಗುವಂತೆ ಮಾಡಿ, ಬಿರುಕುಗಳಿಗೆ ಪ್ಲಾಸ್ಟಿಕ್ ಹಾಳೆ ಹಾಸಿದರೆ ಅಜೋಲಾ ಬೆಳೆಸುವ ತೊಟ್ಟಿಯಾಗುತ್ತದೆ. 4 ಚದರ ಮೀಟರ್ ವಿಸ್ತಾರಕ್ಕೆ 10–15 ಕಿ.ಗ್ರಾಂ. ಜರಡಿ ಹಿಡಿದ ಮಣ್ಣು, 2 ಕಿ.ಗ್ರಾಂ. ಸಗಣಿ, 30 ಗ್ರಾಂ ಸೂಪರ್ ಫಾಸ್ಫೇಟ್ ಕಲಸಿ, 10 ಸೆಂ.ಮೀ. ನೀರು ನಿಲ್ಲಿಸಿ, ಅರ್ಧದಿಂದ ಒಂದು ಕಿ.ಗ್ರಾಂ. ಅಜೋಲಾ ಬಿಟ್ಟರೆ ಎರಡು ವಾರದಲ್ಲಿ ತುಂಬಿಕೊಳ್ಳುತ್ತದೆ. ಆಮೇಲೆ ದಿನಕ್ಕೆ 500–600 ಗ್ರಾಂ ತೆಗೆದು, ತೊಳೆದು, ಹಿಂಡಿಯೊಡನೆ ಎಮ್ಮೆಗೆ ಕೊಡಬಹುದು. ನಾರು ಎದ್ದಿರುವ ಅಂಚುಗಳನ್ನು ಮೊದಲೇ ಉಜ್ಜಿ ಬಣ್ಣ ಹಚ್ಚಿಡಬೇಕು, ಗಾಜಿನ ನಾರು ದನದ ಬಾಯಿಗೆ ಹೋಗಬಾರದು.